ಕ್ಷಮೆ ಯಾರ ಸ್ವತ್ತು?

ನಮ್ಮ ಕೇರಿಯ ಕೊನೆಗೆ ತಗಡು ಹೊದಿಸಿದ ಒಂದು ಪ್ರಾರ್ಥನೆ ಮನೆ ಇದೆ. ಒಂದು ಭಾನುವಾರ ಅಲ್ಲಿ ನಮ್ಮಪ್ಪ ಎದ್ದು ನಿಂತು ಸಾಕ್ಷಿ ಹೇಳಿದ. ಕುಡೀತಿದ್ದೆ, ಹೆಂಡ್ತಿಗೆ ಹೊಡೀತಿದ್ದೆ, ಅವಳ ಓಲೆ ಮಾರಿದೆ, ಈಗ ಯೇಸು ನನ್ನನ್ನ ಕ್ಷಮಿಸಿದ್ದಾನೆ ಅಂದ. ಗಂಡಸರೆಲ್ಲ 'ಸ್ತೋತ್ರ, ಸ್ತೋತ್ರ' ಅಂದರು. ಬೋಧಕರು ಅವನ ತಲೆ ಮೇಲೆ ಕೈಯಿಟ್ಟು, ಇವತ್ತಿಂದ ನೀನು ಹೊಸ ಮನುಷ್ಯ ಅಂದರು. ಅವ್ವ ಹಿಂದಿನ ಚಾಪೆ ಮೇಲೆ ಕೂತಿದ್ದಳು. ಮನೆಗೆ ಬಂದ ಮೇಲೆ ಒಲೆ ಮುಂದೆ ಕೂತು, ನನಗಷ್ಟೇ ಕೇಳುವಂತೆ ಅಂದಳು: "ದೇವ್ರು ಕ್ಷಮ್ಸುದ್ನಂತೆ ಕಣ್ಮಗ. ಏಟು ತಿಂದೋಳು ನಾನು. ನನ್ನೊಂದ್ ಮಾತು ಕೇಳ್ಬ್ಯಾಡ್ವ?"

ನಾನು ಓದಿದ ಬಿ.ಎ.ಯಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ಗೆಳೆಯರೆ, ಆ ತಗಡಿನ ಮನೆಯನ್ನು ಗೇಲಿ ಮಾಡಲು ನಾನಿದನ್ನು ಬರೆಯುತ್ತಿಲ್ಲ. ನಮ್ಮ ಗಂಡಸರಿಗೆ ಹುಟ್ಟಿದಾಗಿನಿಂದ ಊರು ಕಲಿಸಿದ್ದು ಒಂದೇ ಪಾಠ: ನೀನು ಕೆಲಸಕ್ಕೆ ಬಾರದವನು. ಅಂಥವನಿಗೆ ನೀನೂ ಮಗನೇ, ಏಳು ಅನ್ನುವುದು ಸಣ್ಣ ಮಾತಲ್ಲ. ಮುಟ್ಟಲು ಹೇಸುವ ದೇಶದಲ್ಲಿ ಅವನ ತಲೆ ಮೇಲೆ ಕೈಯಿಡುವುದೂ ಒಂದು ಬಂಡಾಯವೇ. ನಾವು ಕುಡುಕನನ್ನು ಸಭೆಯಿಂದ ಆಚೆ ಕಳಿಸಿದೆವು. ಅವರು ಚಾಪೆ ಹಾಸಿ ಕೂರಿಸಿದರು. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಅವರು ಬಿದ್ದವರಿಗೆ ಹೇಳುವ ಕಥೆ ಪೇತ್ರನದು. ಯೇಸುವನ್ನು ಹಿಡಿದ ರಾತ್ರಿ, ಅಂಗಳದಲ್ಲಿ ಇದ್ದಲ ಬೆಂಕಿ ಕಾಯಿಸುತ್ತಾ ನಿಂತ ಪೇತ್ರ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದ. ಕೋಳಿ ಕೂಗಿತು. ಆಚೆ ಹೋಗಿ ಅತ್ತ. ಈ ಕಥೆ ಕೇಳುವಾಗ ನನ್ನ ಮೈ ಬೆವರುತ್ತದೆ. ನಾನು ಹಾಸ್ಟೆಲಿನಲ್ಲಿದ್ದಾಗ ಅಪ್ಪ ಒಂದು ಸಂಜೆ ಕುಡಿದು ಗೇಟಿನ ಹತ್ತಿರ ಬಂದು ನನ್ನ ಹೆಸರು ಕೂಗಿದ. ಯಾರೋ ಅದು ಅಂತ ಜೊತೆಯವರು ಕೇಳಿದರು. ಗೊತ್ತಿಲ್ಲ ಅಂದೆ. ಅಪ್ಪನ ಕೈಲಿ ಅವ್ವ ಕಳಿಸಿದ ರೊಟ್ಟಿ ಗಂಟಿತ್ತು.

ಪೇತ್ರನನ್ನು ಎಬ್ಬಿಸಿದ್ದು ಹೇಗೆ? ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಮತ್ತೊಂದು ಇದ್ದಲ ಬೆಂಕಿ ಇದೆ. ಗಲಿಲಾಯದ ಸರೋವರದ ದಡದಲ್ಲಿ ಯೇಸು ಮೀನು ಸುಟ್ಟು ಎಲ್ಲರಿಗೂ ಉಣ್ಣಲು ಕೊಟ್ಟು, ನನ್ನ ಮೇಲೆ ನಿನಗೆ ಪ್ರೀತಿಯಿದೆಯೇ ಎಂದು ಪೇತ್ರನನ್ನು ಮೂರು ಸಲ ಕೇಳಿದ. ಆಮೇಲೆ ಕೆಲಸ ವಹಿಸಿದ. ಗಮನಿಸಿ, ಇಲ್ಲಿ ಕ್ಷಮಿಸಿದವನು ಬೇರೆ ಯಾರೋ ಅಲ್ಲ. ಯಾರನ್ನು ಗೊತ್ತಿಲ್ಲ ಅಂದಿದ್ದನೋ ಅವನೇ. ನೊಂದವನು, ಕ್ಷಮಿಸಿದವನು ಇಬ್ಬರೂ ಒಬ್ಬನೇ. ನಮ್ಮ ಮನೆಯಲ್ಲಿ ಹಾಗಲ್ಲ. ನೊಂದವಳು ಹಿಂದಿನ ಚಾಪೆ ಮೇಲಿದ್ದಾಳೆ.

ಈ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ಜಾನ್ ನ್ಯೂಟನ್ನನ ಬದುಕು ನೋಡಬೇಕು. 'ಅಮೇಜಿಂಗ್ ಗ್ರೇಸ್' ಹಾಡು ಬರೆದ ಇಂಗ್ಲಿಷಿನವನು. 1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರನ್ನು ಕೂಗಿದ, ಬದುಕಿದ, ಬದಲಾದೆ ಅಂದುಕೊಂಡ. ಆದರೆ ಅದಾದ ಮೇಲೆಯೇ ಅವನು ಗುಲಾಮರ ಹಡಗುಗಳಿಗೆ ಕಪ್ತಾನನಾದದ್ದು. ಮೇಲೆ ನಾವಿಕರಿಗೆ ಭಾನುವಾರದ ಪ್ರಾರ್ಥನೆ, ಕೆಳಗೆ ಹಡಗಿನ ಹೊಟ್ಟೆಯಲ್ಲಿ ಸರಪಳಿ ಬಿಗಿದ ಆಫ್ರಿಕಾದ ಜನ. 1754ರಲ್ಲಿ ಕಡಲು ಬಿಟ್ಟ, ಅದೂ ಕಾಯಿಲೆ ಬಿದ್ದು. ಪಾದ್ರಿಯಾದ, ಹಾಡು ಕಟ್ಟಿದ. ಆ ದಂಧೆಯಲ್ಲಿ ನಾನೂ ಇದ್ದೆ, ಅದು ಅಮಾನುಷ ಎಂದು ಪುಸ್ತಕ ಬರೆದು ಒಪ್ಪಿಕೊಂಡದ್ದು 1788ರಲ್ಲಿ. ಕಡಲು ಬಿಟ್ಟು 34 ವರ್ಷವಾದ ಮೇಲೆ! ತಡವಾಯಿತೆಂದು ಅವನೇ ಬರೆದುಕೊಂಡ. ಆಮೇಲೆ ಆ ದಂಧೆಯ ವಿರುದ್ಧ ಸಾಕ್ಷಿ ನುಡಿದ. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರ ನಿಷೇಧಿಸಿದ 1807ರಲ್ಲೇ ತೀರಿಕೊಂಡ. ಅವನ ಕೊನೆಗಾಲದ ಮಾತಿಗೆ ಬೆಲೆಯಿದೆ. ಆದರೆ ಹಡಗಿನ ಹೊಟ್ಟೆಯಲ್ಲಿದ್ದವರನ್ನು ಕೇಳದೆ ಸಿಕ್ಕ ಆ ಮೊದಲ ನೆಮ್ಮದಿ ಎಂಥ ನೆಮ್ಮದಿ?

ಉತ್ತರ ಅದೇ ಪುಸ್ತಕದಲ್ಲಿದೆ. ಯೆರಿಕೋವಿನ ಸುಂಕದವರ ಮುಖಂಡ ಜಕ್ಕಾಯ. ಜನ ಗೊಣಗಿದರೂ ಯೇಸು ಅವನ ಮನೆಗೇ ಹೋದ. ಮೊದಲು ಹೋದ, ಲೆಕ್ಕ ಕೇಳಲಿಲ್ಲ. ಆದರೆ ಜಕ್ಕಾಯ ತಾನೇ ಎದ್ದು ನಿಂತು ಲೆಕ್ಕ ಒಪ್ಪಿಸಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದವರಿಗೆ ನಾಲ್ಕರಷ್ಟು ವಾಪಸ್ಸು. ಈ ಮನೆಗೆ ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಅದಾದ ಮೇಲೆ. ಎಬ್ಬಿಸುವ ಕೈ ಮೊದಲು ಚಾಚಬೇಕು, ನಿಜ. ಎದ್ದವನು ಯಾರ ಮನೆ ಬಾಗಿಲಿಗೆ ನಡೆಯುತ್ತಾನೆ ಅನ್ನುವುದರಲ್ಲಿ ಅವನು ಎದ್ದನೋ ಇಲ್ಲವೋ ಗೊತ್ತಾಗುತ್ತದೆ.

ಅಪ್ಪ ಬಿದ್ದದ್ದು ಅವನೊಬ್ಬನ ಸೋಲು ಅಂತಲೂ ನಾನು ಒಪ್ಪಲಾರೆ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು, ಕುಡಿತ ನಿಲ್ಲಲಿಲ್ಲ. ಕೂಲಿಯವನ ಬೆವರು ಅಬಕಾರಿ ಲೆಕ್ಕದಲ್ಲಿ ಆದಾಯ, ಅವನ ಮನೆಯಲ್ಲಿ ಪಾಪ. ಯೂದ ನಾಣ್ಯ ಹಿಂದಕ್ಕೆ ತಂದಾಗ ಪುರೋಹಿತರು ಅದು ನಿನ್ನ ಪಾಡು ಅಂದರಂತೆ. ಬಳಸಿಕೊಂಡವರೆಲ್ಲ ಹೇಳುವುದು ಇದನ್ನೇ. ಆದರೆ ಅವ್ವನ ಮೇಲೆ ಎದ್ದ ಕೈ ಸರ್ಕಾರದ್ದಲ್ಲ, ಜಮೀನುದಾರನದೂ ಅಲ್ಲ. ವ್ಯವಸ್ಥೆಯ ಹೆಸರು ಹೇಳಿ ನಾವು ಅದನ್ನು ಮುಚ್ಚಿದರೆ, ದೇವರ ಹೆಸರು ಹೇಳಿ ಮುಚ್ಚುವವರಿಗೂ ನಮಗೂ ಏನು ವ್ಯತ್ಯಾಸ?

ಅವ್ವನ ಮಾತನ್ನು ಅಪ್ಪನಿಗೆ ಮುಟ್ಟಿಸಿದೆ. ಬಹಳ ಹೊತ್ತು ಸುಮ್ಮನಿದ್ದ. ಈಗ ಶನಿವಾರ ಶನಿವಾರ ಕೂಲಿಯನ್ನು ತಂದು ಅವಳ ಕೈಗೇ ಕೊಡುತ್ತಾನೆ. ಅವಳು ಎಣಿಸಿ ತೆಗೆದಿಡುತ್ತಾಳೆ, ಕ್ಷಮಿಸಿದೆ ಅಂತ ಇನ್ನೂ ಅಂದಿಲ್ಲ. ಅನ್ನಲೇಬೇಕೆಂದು ಕೇಳುವ ಹಕ್ಕು ಅವನಿಗೂ ಇಲ್ಲ, ಬೋಧಕರಿಗೂ ಇಲ್ಲ, ನನಗೂ ಇಲ್ಲ.

ಹಾಸ್ಟೆಲ್ ಗೇಟಿನ ವಿಷಯ ನಾನೂ ಅಪ್ಪನಿಗೆ ಹೇಳಿದೆ. "ನಂಗವತ್ತೇ ಗೊತ್ತಾಯ್ತು ಕಣ್ಲಾ" ಅಂದ. "ರೊಟ್ಟೀನ ದಾರೀಲಿ ನಾನೇ ತಿಂದೆ."