ಲಾಭದಲ್ಲಿ ಪಾಲು, ನಷ್ಟದಲ್ಲಿ?

ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಒಂದು ಪಾಠವಿದೆ. ಕಂಪೆನಿಯ ಮುಖ್ಯಸ್ಥನಿಗೆ ಸಂಬಳದ ಜೊತೆಗೆ, ನಿಗದಿತ ಬೆಲೆಗೆ ಶೇರು ಕೊಳ್ಳುವ ಹಕ್ಕನ್ನೂ ಕೊಟ್ಟರೆ ಅವನ ಹಿತ, ಹೂಡಿಕೆದಾರರ ಹಿತ ಒಂದಾಗುತ್ತದೆ ಎಂಬುದು ಅದರ ಸಾರ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಶೇರಿನ ಬೆಲೆ ಏರಿದರೆ ಅವನಿಗೆ ಲಾಭ. ಇಳಿದರೆ ಆ ಹಕ್ಕನ್ನು ಬಳಸದಿದ್ದರಾಯಿತು. ನಷ್ಟ ಇತರರದು.

ಅಮೆರಿಕದ ಎನ್ರಾನ್ ಕಂಪೆನಿಯನ್ನೇ ನೋಡಿ. ಅದರ ಮುಖ್ಯಸ್ಥರಾಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಹಾರ್ವರ್ಡ್‌ನಲ್ಲಿ ಎಂ.ಬಿ.ಎ. ಓದಿದವರು. 64 ಪುಟಗಳ ನೀತಿಸಂಹಿತೆಯೂ ಅಲ್ಲಿತ್ತು. ಆದರೂ ಸಾಲವನ್ನು ಮರೆಮಾಚಿ ಲಾಭವನ್ನು ಉಬ್ಬಿಸಲಾಯಿತು. 2001ರ ಡಿಸೆಂಬರಿನಲ್ಲಿ ಕಂಪೆನಿ ದಿವಾಳಿಯೆದ್ದಿತು. ಅಷ್ಟರಲ್ಲಿ ಮೇಲಿನವರು ಶೇರು ಮಾರಿ ಕೋಟಿಗಟ್ಟಲೆ ಡಾಲರ್ ಗಳಿಸಿದ್ದರು. ಸಾವಿರಾರು ನೌಕರರು ಕೆಲಸದೊಂದಿಗೆ ನಿವೃತ್ತಿಯ ಉಳಿತಾಯವನ್ನೂ ಕಳೆದುಕೊಂಡರು.

ಸ್ಕಿಲ್ಲಿಂಗ್ ಜೈಲು ಸೇರಿದರು. 2002ರ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ, ಲೆಕ್ಕಪತ್ರಕ್ಕೆ ಮುಖ್ಯಸ್ಥರೇ ಹೊಣೆಯೆಂದು ಸಾರಿತು. ಅಕ್ರಮದಿಂದಾಗಿ ಲೆಕ್ಕ ತಿದ್ದಬೇಕಾಗಿ ಬಂದರೆ ಬೋನಸ್ ಹಿಂದಿರುಗಿಸಬೇಕೆಂದಿತು. ಒಳ್ಳೆಯದೇ. ಆದರೆ ಕಾನೂನು ಬರುವುದು ಮನೆ ಸುಟ್ಟ ಮೇಲೆ.

ಆದುದರಿಂದ ಇನ್ಸೆಂಟಿವ್ ಲೆಕ್ಕ ಹಾಕಲು ಕಲಿಸುವ ಅಧ್ಯಾಪಕರು ವಿದ್ಯಾರ್ಥಿಯ ಮುಂದೆ ಇನ್ನೊಂದು ಪ್ರಶ್ನೆಯನ್ನೂ ಇಡಬೇಕು: ಈ ಲೆಕ್ಕ ಸುಳ್ಳಾದರೆ ಯಾರ ಮುಪ್ಪಿನ ಅನ್ನ ಹೋಗುತ್ತದೆ? ಅದಕ್ಕೆ ಉತ್ತರ ಹುಡುಕದವನು ಪರೀಕ್ಷೆಯಲ್ಲಿ ಪಾಸಾಗಬಹುದು. ಪರರ ದುಡ್ಡನ್ನು ಅವನ ಕೈಗೆ ಕೊಡಬಹುದೇ?