ಅನುಮೋದನೆಯ ಹೊಣೆ

ನಮ್ಮ ಶ್ರಾವಕಾಚಾರದಲ್ಲಿ ಕೃತ, ಕಾರಿತ, ಅನುಮತ ಎಂಬ ಮೂರು ಪದಗಳು ಪುನಃ ಪುನಃ ಬರುತ್ತವೆ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಸಮ್ಮತಿಯಿತ್ತದ್ದು ಎಂದು ಇವುಗಳ ಅರ್ಥ. ಕರ್ಮದ ಆಸ್ರವಕ್ಕೆ ಈ ಮೂರೂ ದ್ವಾರಗಳೇ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳನ್ನು ಮನೋವಾಕ್ಕಾಯಗಳೆಂಬ ಮೂರು ಯೋಗಗಳೊಡನೆಯೂ, ಅವನ್ನು ಕೃತಾದಿ ಮೂರರೊಡನೆಯೂ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳೊಡನೆಯೂ ಗುಣಿಸಿ ತೋರಿಸಿದ್ದಾರೆ. ಒಟ್ಟು 108 ಭೇದಗಳಾಗುತ್ತವೆ. ಜಪಮಾಲೆಯ 108 ಮಣಿಗಳು ಇದನ್ನೇ ನೆನಪಿಸುತ್ತವೆಂದು ಹಿರಿಯರು ಹೇಳುವುದುಂಟು.

ಈ ಮೂರರಲ್ಲಿ ನಾವು ಅತ್ಯಂತ ಹಗುರಾಗಿ ಕಾಣುವುದು ಅನುಮತವನ್ನು. ಕೈ ಎತ್ತುವುದು, ತಲೆಯಾಡಿಸುವುದು, ಠರಾವಿನ ಕೆಳಗೆ ರುಜು ಹಾಕುವುದು ಇವೆಲ್ಲ ನಮಗೆ ಕ್ರಿಯೆಗಳೆಂದೇ ತೋರುವುದಿಲ್ಲ. ಸಮ್ಮತಿಯ ನೈತಿಕ ಭಾರವೆಷ್ಟು? ಒಮ್ಮೆ ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳುವುದು ಯಾವಾಗ ವಿವೇಕ, ಯಾವಾಗ ಹೇಡಿತನ? ಅಮೆರಿಕ ದೇಶದ ಇತ್ತೀಚಿನ ಒಂದು ಪ್ರಸಂಗವು ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ನಿದರ್ಶನವಾಗಿದೆ.

ಆ ದೇಶದ ಕೊಲೊರಾಡೊ ರಾಜ್ಯದ ಆಗ್ನೇಯ ಭಾಗದಲ್ಲಿ ಅರ್ಕಾನ್ಸಾಸ್ ನದಿಯ ಕಣಿವೆಯುಂಟು. ಅಲ್ಲಿಯ ಅಂತರ್ಜಲವು ಉಪ್ಪು. ಹಲವೆಡೆ ಅದರಲ್ಲಿ ವಿಕಿರಣಶೀಲ ಧಾತುಗಳೂ ಸೇರಿವೆ. ಪ್ಯೂಬ್ಲೊ ಜಲಾಶಯದಿಂದ ಸುಮಾರು 130 ಮೈಲಿ ಕೊಳವೆ ಹಾಕಿ 39 ಊರುಗಳ ಸುಮಾರು 50,000 ಜನರಿಗೆ ಶುದ್ಧ ನೀರು ಕೊಡುವ ಯೋಜನೆಗೆ 1962ರಲ್ಲಿ ಅಧ್ಯಕ್ಷ ಕೆನಡಿಯವರ ಕಾಲದಲ್ಲಿಯೇ ಕಾನೂನಿನ ಒಪ್ಪಿಗೆ ದೊರೆತಿತ್ತು. ವೆಚ್ಚವನ್ನು ಭರಿಸುವ ಶಕ್ತಿ ಆ ಚಿಕ್ಕ ಊರುಗಳಿಗಿಲ್ಲದ್ದರಿಂದ ಕೊಳವೆ ಬಹುಕಾಲ ಕಾಗದದಲ್ಲಿಯೇ ಉಳಿಯಿತು. 2009ರ ಕಾನೂನು ಸ್ಥಳೀಯರ ಪಾಲನ್ನು ಶೇಕಡಾ 35ಕ್ಕೆ ಇಳಿಸಿತು. ಕೆಲಸ ಆರಂಭವಾದದ್ದು 2023ರಲ್ಲಿ. ಆ ಪಾಲನ್ನು ತೀರಿಸಲು ಹೆಚ್ಚಿನ ಅವಧಿಯನ್ನೂ ಬಡ್ಡಿಯಲ್ಲಿ ರಿಯಾಯಿತಿಯನ್ನೂ ಕೊಡುವ ಮಸೂದೆಯೊಂದು 2025ರಲ್ಲಿ ಎರಡೂ ಸದನಗಳಲ್ಲಿ ಒಂದು ವಿರೋಧ ಮತವೂ ದಾಖಲಾಗದೆ ಅಂಗೀಕೃತವಾಯಿತು. ಫ್ಲಾರಿಡದ ಎವರ್‌ಗ್ಲೇಡ್ಸ್ ಜೌಗು ಪ್ರದೇಶದಲ್ಲಿರುವ ಮಿಕೊಸುಕೀ ಎಂಬ ಮೂಲನಿವಾಸಿ ಪಂಗಡದ ಒಂದು ವಸತಿಯನ್ನು ನೆರೆಯಿಂದ ರಕ್ಷಿಸುವ ಇನ್ನೊಂದು ಮಸೂದೆಯೂ ಹಾಗೆಯೇ ಅಂಗೀಕಾರ ಪಡೆಯಿತು.

ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಅಧ್ಯಕ್ಷ ಟ್ರಂಪ್ ಅವರು ಎರಡನ್ನೂ ತಮ್ಮ ನಿಷೇಧಾಧಿಕಾರದಿಂದ, ಅಂದರೆ ವೀಟೊದಿಂದ, ಹಿಂದಿರುಗಿಸಿದರು. ತೆರಿಗೆದಾರರ ಮೇಲೆ ದುಬಾರಿ ಸ್ಥಳೀಯ ಯೋಜನೆಗಳ ಹೊರೆ ಬೀಳಬಾರದೆಂಬುದು ಅವರು ಕೊಟ್ಟ ಕಾರಣ. ಮಿಕೊಸುಕೀ ಮಸೂದೆಯ ವಿಷಯದಲ್ಲಿ, ಆ ಪಂಗಡವು ತಮ್ಮ ವಲಸೆ ನೀತಿಗೆ ಅಡ್ಡಿಪಡಿಸಿತೆಂಬ ಮಾತನ್ನೂ ಸೇರಿಸಿದರು. ಕೊಳವೆಯ ಮಸೂದೆಯನ್ನು ಮಂಡಿಸಿದ ಲಾರೆನ್ ಬೋಬರ್ಟ್ ಅವರು ಅಧ್ಯಕ್ಷರ ಪಕ್ಷದವರೇ. ಇದು ರಾಜಕೀಯ ಪ್ರತೀಕಾರವಾಗಿರದಿರಲಿ ಎಂದು ಅವರು ಬಹಿರಂಗವಾಗಿ ಹೇಳಿದರು.

ವೀಟೊವನ್ನು ಮೀರಬೇಕಾದರೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. 2026ರ ಜನವರಿ 8ರಂದು ಪ್ರತಿನಿಧಿ ಸಭೆಯಲ್ಲಿ ಮತದಾನ ನಡೆಯಿತು. ಕೊಳವೆಯ ಮಸೂದೆಯ ಪರ 248, ವಿರುದ್ಧ 177. ಮಿಕೊಸುಕೀ ಮಸೂದೆಯ ಪರ 236, ವಿರುದ್ಧ 188. ಬಹುಮತವಿದ್ದರೂ ಬೇಕಾದಷ್ಟು ಇರಲಿಲ್ಲ. ಎರಡೂ ಬಿದ್ದುಹೋದವು.

ವಿಚಾರಣೀಯವಾದ ಅಂಶವಿರುವುದು ಇಲ್ಲಿಯೇ. ಯಾರೊಬ್ಬರ ವಿರೋಧವೂ ದಾಖಲಾಗದಿದ್ದ ಮಸೂದೆಗೆ ಆರು ತಿಂಗಳು ಕಳೆಯುವಷ್ಟರಲ್ಲಿ 177 ವಿರೋಧಿಗಳು ಎಲ್ಲಿಂದ ಬಂದರು? ಕಣಿವೆಯ ನೀರು ಈ ನಡುವೆ ಸಿಹಿಯಾಗಲಿಲ್ಲ. ಮಸೂದೆಯ ಒಂದು ಅಕ್ಷರವೂ ಬದಲಾಗಲಿಲ್ಲ. ಬದಲಾದದ್ದು, ದೊಡ್ಡವರೊಬ್ಬರು ಬೇಡವೆಂದದ್ದು ಮಾತ್ರ.

ಆದರೆ ಅನೇಕಾಂತವನ್ನು ನಂಬಿದವರು ಇಷ್ಟಕ್ಕೇ ತೀರ್ಪು ಕೊಡಲಾಗದು. ನಿಷೇಧಿಸುವವನ ಪಕ್ಷದಲ್ಲಿಯೂ ಒಂದು ನಯವಿದೆ, ಅದು ಹಳೆಯದೂ ಗೌರವಾರ್ಹವೂ ಆದುದು. 1830ರಲ್ಲಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಅವರು ಕೆಂಟಕಿ ರಾಜ್ಯದ ಒಳಗೇ ಹಾದುಹೋಗುವ ಮೇಸ್‌ವಿಲ್ ರಸ್ತೆಗೆ ಇಡೀ ದೇಶದ ಬೊಕ್ಕಸದಿಂದ ಹಣ ಕೊಡುವುದು ಯುಕ್ತವಲ್ಲವೆಂದು ತಡೆದರು. 1882ರಲ್ಲಿ ನದಿ ಮತ್ತು ಬಂದರುಗಳ ಮಸೂದೆಯನ್ನು ಹಿಂದಿರುಗಿಸಿದ ಅಧ್ಯಕ್ಷ ಚೆಸ್ಟರ್ ಆರ್ಥರ್ ಅವರ ಆಕ್ಷೇಪವು ವ್ಯಾಪಾರಿಯಾದ ನನಗೆ ಬಹಳ ಹಿಡಿಸಿತು. ಒಂದು ಊರಿಗೆ ಹಣ ಸಿಕ್ಕಿತೆಂದು ತಿಳಿದೊಡನೆ ಇನ್ನೊಂದು ಊರು ತನ್ನ ಪಾಲನ್ನು ಕೇಳುತ್ತದೆ. ಹೀಗೆ ಮಸೂದೆಯು ಕೆಟ್ಟಷ್ಟೂ ಅದಕ್ಕೆ ಬೆಂಬಲ ಹೆಚ್ಚುತ್ತದೆ ಎಂಬುದು ಅವರ ವಾದದ ತಾತ್ಪರ್ಯ. ಇದು ಲೋಭವೆಂಬ ಕಷಾಯವು ಸಭೆಯಲ್ಲಿ ಕೆಲಸ ಮಾಡುವ ಬಗೆಯ ಯಥಾರ್ಥ ವರ್ಣನೆಯೇ ಸರಿ. ನಿನ್ನದಕ್ಕೆ ನಾನು ಹೂಂ ಎನ್ನುತ್ತೇನೆ, ನನ್ನದಕ್ಕೆ ನೀನು ಹೂಂ ಎನ್ನು ಎಂಬ ಒಪ್ಪಂದದಲ್ಲಿ ಇಬ್ಬರೂ ಅನುಮತದ ದೋಷಿಗಳು. ಮರುದಿನವೇ ಎರಡೂ ಸದನಗಳು ಆರ್ಥರ್ ಅವರ ವೀಟೊವನ್ನು ಮೀರಿದವು.

ಮೀರುವವನ ಪಕ್ಷದ ನಯವೂ ಅಷ್ಟೇ ಸತ್ಯವಾದುದು. 1856ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅವರು ಮಿಸಿಸಿಪಿ ನದಿಯ ಮುಖದ ಹೂಳು ತೆಗೆಯುವುದೇ ಮೊದಲಾದ ಜಲಮಾರ್ಗದ ಕೆಲಸಗಳನ್ನು ಸಂವಿಧಾನದ ಹೆಸರಿನಲ್ಲಿ ತಡೆದಾಗ ಕಾಂಗ್ರೆಸ್ಸು ಅಂಥ ಐದು ವೀಟೊಗಳನ್ನು ಮೀರಿತು. ಮಿಸಿಸಿಪಿಯ ಮುಖ ಲೂಸಿಯಾನದಲ್ಲಿದ್ದರೂ ಅಲ್ಲಿ ಹೂಳು ತುಂಬಿದರೆ ನೂರಾರು ಮೈಲಿ ಮೇಲಿನ ರೈತನ ಧಾನ್ಯವೂ ಸಮುದ್ರ ಮುಟ್ಟದು. ಸ್ಥಳೀಯವೆಂದು ಕಾಣುವುದೆಲ್ಲ ಕೇವಲ ಸ್ಥಳೀಯವಲ್ಲ. 1987ರಲ್ಲಿ ಹೆದ್ದಾರಿ ಮಸೂದೆಯ ಮೇಲಿನ ಅಧ್ಯಕ್ಷ ರೇಗನ್ ಅವರ ವೀಟೊವನ್ನು ಸೆನೆಟ್ ಸಭೆ 67-33 ಮತಗಳಿಂದ ಮೀರಿತು. ಒಂದು ಮತ ಅತ್ತಿತ್ತಾಗಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಹಾಗಾದರೆ ನಿಷೇಧ ಸರಿಯೋ, ಮೀರುವಿಕೆ ಸರಿಯೋ? ಈ ಪ್ರಶ್ನೆಯೇ ಏಕಾಂತದ್ದು. ಎರಡೂ ಸಾಧನಗಳು, ಸಾಧನವು ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದನ್ನು ಹಿಡಿದ ಕೈಯ ಹಿಂದಿನ ಭಾವವನ್ನು ನೋಡಬೇಕು. ಸಮಷ್ಟಿಯ ಹಣವನ್ನು ಕಾಯುವುದಕ್ಕಾಗಿ ಬೇಡವೆಂದರೆ ಅದು ಸಂಯಮ. ತನ್ನನ್ನು ಎದುರಿಸಿದವರಿಗೆ ಪಾಠ ಕಲಿಸಲು ಬೇಡವೆಂದರೆ ಅದು ಕ್ರೋಧಮಾನಗಳ ಕೃತ್ಯ. ಬಾಯಾರಿದವರಿಗಾಗಿ ಮೀರಿದರೆ ಅದು ಅನುಕಂಪೆ. ತನ್ನ ಕ್ಷೇತ್ರದ ಮತಕ್ಕಾಗಿ ಮೀರಿದರೆ ಅದು ಲೋಭ. ಪರರ ಅಂತರಂಗವನ್ನು ಕೇವಲಿಗಳಲ್ಲದೆ ಅನ್ಯರು ಅರಿಯರು. ಆದಕಾರಣ ಆ ಅಧ್ಯಕ್ಷರನ್ನಾಗಲಿ ಆ 177 ಜನರನ್ನಾಗಲಿ ನಿಂದಿಸುವುದು ನಮ್ಮ ಕೆಲಸವಲ್ಲ. ಅವರಲ್ಲಿ ಕಾರಣಗಳನ್ನು ಓದಿ ಮನಃಪೂರ್ವಕವಾಗಿ ಅಭಿಪ್ರಾಯ ಬದಲಿಸಿದವರೂ ಇರಬಹುದು. ಅಂಥವರದು ವಿವೇಕ. ಭಯದಿಂದ ಬದಲಿಸಿದ್ದರೆ, ಅವರ ಮೊದಲಿನ ಸಮ್ಮತಿಯೂ ಸಮ್ಮತಿಯಾಗಿರಲಿಲ್ಲ. ಬೆಲೆ ತೆರಬೇಕಾಗಿಲ್ಲದಾಗ ಮಾತ್ರ ನಿಲ್ಲುವ ಸಮ್ಮತಿಯು ಹಣವಿಲ್ಲದ ಖಾತೆಯ ಮೇಲೆ ಬರೆದ ಹುಂಡಿಯಂತೆ.

ಅಮೆರಿಕದ ಸಂವಿಧಾನವನ್ನು ರಚಿಸಿದವರು ಮನುಷ್ಯನ ಕಷಾಯಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಸೂದೆಯನ್ನು ಹಿಂದಿರುಗಿಸುವ ಅಧ್ಯಕ್ಷನು ತನ್ನ ಆಕ್ಷೇಪಗಳನ್ನು ಜೊತೆಗೆ ಕಳುಹಿಸಬೇಕು; ಸದನವು ಅವನ್ನು ಪೂರ್ಣವಾಗಿ ತನ್ನ ನಡವಳಿ ಪುಸ್ತಕದಲ್ಲಿ ದಾಖಲಿಸಿ ಪುನರ್ವಿಮರ್ಶೆ ಮಾಡಬೇಕು; ಪರವಿರೋಧ ಮತ ಕೊಟ್ಟವರ ಹೆಸರುಗಳನ್ನು ಬರೆದಿಡಬೇಕು ಎಂದು ಅವರು ವಿಧಿಸಿದರು. ನಮ್ಮ ಭಾರತದಲ್ಲಿಯೂ ಸಂವಿಧಾನದ 111ನೆಯ ಅನುಚ್ಛೇದದಂತೆ ರಾಷ್ಟ್ರಪತಿಗಳು ಹಣಕಾಸು ಮಸೂದೆಯಲ್ಲದ ಮಸೂದೆಯನ್ನು ಪುನರ್ವಿಮರ್ಶೆಗೆ ಹಿಂದಿರುಗಿಸಬಹುದು. ಸಂಸತ್ತು ಮತ್ತೆ ಅಂಗೀಕರಿಸಿದರೆ ಸಮ್ಮತಿಯನ್ನು ತಡೆಹಿಡಿಯುವಂತಿಲ್ಲ. ಎರಡು ಕ್ರಮಗಳಲ್ಲಿಯೂ ಇರುವ ತತ್ತ್ವ ಒಂದೇ: ಬೇಡವೆನ್ನುವವನು ಕಾರಣ ಹೇಳಲಿ, ಬೇಕೆನ್ನುವವನು ಮತ್ತೊಮ್ಮೆ ಯೋಚಿಸಲಿ.

ಇಷ್ಟು ದೂರದ ದೇಶದ ಮಾತನ್ನು ಎತ್ತಿದ್ದಕ್ಕೆ ಒಂದು ಸಮೀಪದ ಕಾರಣವುಂಟು. ಹಲವು ವರ್ಷಗಳ ಹಿಂದೆ ನಾನು ಒಂದು ಬಸದಿಯ ಆಡಳಿತ ಸಮಿತಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಬಸದಿಯ ಹಿಂದಿನ ಕೇರಿಗೆ, ಧರ್ಮಶಾಲೆಯ ಬಾವಿಯಿಂದ ಕೊಳವೆ ಹಾಕಿ ಒಂದು ನಲ್ಲಿ ಕೊಡಬೇಕೆಂದು ನಾವೆಲ್ಲ ಒಮ್ಮತದಿಂದ ಠರಾವು ಮಾಡಿದೆವು. ದೇವರ ದ್ರವ್ಯವನ್ನು ಮುಟ್ಟದೆ, ಸಾಧಾರಣ ನಿಧಿಯಿಂದಲೇ ಆಗಬಹುದಾದ ವೆಚ್ಚವೆಂದು ಲೆಕ್ಕ ಹಾಕಿಕೊಟ್ಟವನು ನಾನೇ. ಸಭೆಗೆ ಬಾರದಿದ್ದ ಅಧ್ಯಕ್ಷರು ಮುಂದಿನ ಸಭೆಯಲ್ಲಿ, ಇದು ಬೇಡ ಎಂದರು. ಕಾರಣ ಹೇಳಲಿಲ್ಲ; ನಾವು ಕೇಳಲಿಲ್ಲ. ಮತ್ತೆ ಮತಕ್ಕೆ ಹಾಕೋಣವೆಂದು ಕಿರಿಯ ಸದಸ್ಯರೊಬ್ಬರು ಎದ್ದು ನಿಂತರು. ಯಾರೂ ಮಾತಾಡಲಿಲ್ಲ. ನಾನು ಲೆಕ್ಕದ ಪುಸ್ತಕದ ಹಾಳೆ ತಿರುವುತ್ತಾ ಕುಳಿತೆ. ಅವರು ಒಂದು ನಿಮಿಷ ನಿಂತಿದ್ದು ಕುಳಿತುಕೊಂಡರು. ನಡವಳಿಯಲ್ಲಿ ‘ವಿಷಯವನ್ನು ಕೈಬಿಡಲಾಯಿತು’ ಎಂದು ಬರೆದವನೂ ನಾನೇ.

ಅಧ್ಯಕ್ಷರ ನಿರಾಕರಣೆಯಲ್ಲಿ ಸಕಾರಣವಿದ್ದಿರಬಹುದು. ಬಾವಿಯ ನೀರು ಸಾಲದೆಂಬ ಭಯವಿತ್ತೋ ಏನೋ. ಅದು ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಉಳಿದದ್ದು ನನ್ನ ಮೌನ. ಮೊದಲ ಸಭೆಯಲ್ಲಿ ನಾನು ನೀರಿಗೆ ಅನುಮತಿ ಕೊಟ್ಟಿದ್ದೆ, ಎರಡನೆಯದರಲ್ಲಿ ಬಾಯಾರಿಕೆಗೆ. ಪ್ರತಿ ವರ್ಷ ಕ್ಷಮಾವಣಿಯ ದಿನ ಎಲ್ಲರ ಕ್ಷಮೆ ಕೇಳುವಾಗ ಆ ಕೇರಿಯವರ ಮುಖಗಳು ನನಗೆ ಕಾಣುತ್ತವೆ; ಅವರಿಗೆ ನನ್ನ ಈ ತಪ್ಪು ತಿಳಿದೇ ಇಲ್ಲ.

ನಮ್ಮ ಬಸದಿಗಳ, ಧರ್ಮಸಂಸ್ಥೆಗಳ ಧರ್ಮದರ್ಶಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಅಧ್ಯಕ್ಷರಿಗೆ ಬೇಡವೆನ್ನುವ ಅಧಿಕಾರವಿರಲಿ. ಆದರೆ ಕಾರಣವು ನಡವಳಿ ಪುಸ್ತಕಕ್ಕೆ ಬರಲಿ. ಠರಾವು ಮರಳಿ ಬಂದಾಗ ಅದನ್ನು ಮತ್ತೆ ಓದಿ, ಸದಸ್ಯರೆಲ್ಲರೂ ಬಾಯಿಬಿಟ್ಟು ಹೌದು ಅಥವಾ ಅಲ್ಲ ಎನ್ನಲಿ, ಹೆಸರು ದಾಖಲಾಗಲಿ. ಕಾರಣ ಸರಿಯೆನಿಸಿದರೆ ಹಿಂದೆ ಸರಿಯಲು ನಾಚಿಕೆ ಬೇಡ. ಸರಿಯೆನಿಸದಿದ್ದರೆ, ನಿಂತ ಒಬ್ಬ ಕಿರಿಯನ ಪಕ್ಕದಲ್ಲಿ ಇನ್ನೊಬ್ಬರಾದರೂ ಎದ್ದು ನಿಲ್ಲಲಿ.