ದೀಪ ಆರಿಸುವುದು ಸುಲಭ

ವಸ್ತು ನಮ್ಮದು, ಆದರೆ ಅದರ ಒಳಗಿನ ಸಂಗತಿ ತಿಳಿಯುವ ಹಕ್ಕು ನಮ್ಮದಲ್ಲ ಎಂದರೆ ಹೇಗಿರುತ್ತದೆ? ಕಾರಿನ ವಿಷಯದಲ್ಲಿ ಬಹುಕಾಲ ನಡೆದದ್ದು ಇದೇ. ಎಂಜಿನ್ನಿನ ಆಗುಹೋಗು ನೋಡಿಕೊಳ್ಳಲು ಒಳಗೊಂದು ಪುಟ್ಟ ಕಂಪ್ಯೂಟರ್ ಬಂದು ಕೂತಿತು. ಏನಾದರೂ ಎಡವಟ್ಟಾದರೆ ಎದುರಿಗೊಂದು ಹಳದಿ ದೀಪ ಹೊತ್ತುತ್ತದೆ. ಏನು ಎಡವಟ್ಟು? ಅದನ್ನು ಓದುವ ಯಂತ್ರ ಕಂಪನಿಯ ಗ್ಯಾರೇಜಿನಲ್ಲಿ. ಅವರು ಹೇಳಿದ್ದನ್ನು ನಂಬಬೇಕು, ಬಿಲ್ಲು ಕೊಡಬೇಕು. "ನಿಮಗೆ ಅದೆಲ್ಲ ತಿಳಿಯುವುದಿಲ್ಲ ಬಿಡಿ" ಎಂಬ ಮಾತು ನಮಗೆ ಹೆಂಗಸರಿಗೆ ಹೊಸದಲ್ಲವಷ್ಟೆ.

ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು ಕಡ್ಡಾಯವಾಯಿತು. ಉದ್ದೇಶ ಹೊಗೆಯ ಹತೋಟಿ. ಆದರೆ ಆ ಕಿಂಡಿಯಲ್ಲಿ ಸಾಮಾನ್ಯರೂ ಇಣುಕಿದರು. ಆಗಿನ ಅನೇಕ ಕಾರುಗಳು 12 ವೋಲ್ಟಿನ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದವು. ಮನೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಬೇಕಾದದ್ದು ಪ್ಲಸ್ಸು ಮೈನಸ್ಸುಗಳ ಬೇರೆ ಭಾಷೆ. ನಡುವೆ ದುಭಾಷಿ ಬೇಡವೆ? ಹವ್ಯಾಸಿಗಳು ನಾಲ್ಕಾರು ಟ್ರಾನ್ಸಿಸ್ಟರು, ರೆಸಿಸ್ಟರುಗಳನ್ನು ಬೆಸೆದು ಆ ದುಭಾಷಿಯನ್ನು ಮನೆಯಲ್ಲೇ ಮಾಡಿಕೊಂಡರು. ಮೊದಲು ಸೆಕೆಂಡಿಗೆ 5 ಬಿಟ್‌ನಂತೆ ನಿಧಾನವಾಗಿ ಕರೆಯಬೇಕು. ಸುಮಾರು ಎರಡು ಸೆಕೆಂಡಿನ ಆ ಕರೆಗೆ ಎಚ್ಚೆತ್ತು, ಎಂಜಿನ್ನು ಸೆಕೆಂಡಿಗೆ 10,400 ಬಿಟ್‌ನಂತೆ ಪಟಪಟನೆ ಉತ್ತರಿಸುತ್ತದೆ. ಪಿ0301 ಎಂದರೆ ಮೊದಲನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕಾರಣ ಸ್ಪಾರ್ಕ್ ಪ್ಲಗ್ಗೋ ಕಾಯಿಲೋ ಇಂಜೆಕ್ಟರೋ, ಅದನ್ನು ಹುಡುಕಲು ಅನುಭವಸ್ಥ ಮೆಕ್ಯಾನಿಕನೇ ಬೇಕು. ಜ್ವರ ಎಷ್ಟೆಂದು ಮನೆಯಲ್ಲೇ ನೋಡಿಕೊಂಡ ಮಾತ್ರಕ್ಕೆ ಡಾಕ್ಟರು ಬೇಡವಾಗುವುದಿಲ್ಲ. ಆದರೆ ಅವರೆದುರು ಕೂತು ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ.

ಇಲ್ಲೇ ಒಂದು ತೊಡಕಿದೆ. ಓದುವ ತಂತಿಯಲ್ಲೇ ಅಳಿಸುವ ಆಜ್ಞೆಯನ್ನೂ ಕಳಿಸಬಹುದು. ರೋಗ ಹಾಗೇ ಇರುತ್ತದೆ, ದೀಪ ಆರುತ್ತದೆ. ಹಳೇ ಕಾರು ಮಾರುವವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ? ಹಾಗಾದರೆ ಈ ವಿದ್ಯೆ ಕಂಪನಿಯವರ ಬಳಿಯೇ ಬೀಗದೊಳಗಿದ್ದರೆ ಒಳ್ಳೆಯದಿತ್ತೆ?

ಬೀಗ ಹಾಕಿದವರು ಸತ್ಯವಂತರೇ ಆಗಿದ್ದರೆ ಹಾಗೆನ್ನಬಹುದಿತ್ತು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಯ ಗುಟ್ಟನ್ನು ಬಯಲು ಮಾಡಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ವಿಷಾನಿಲ ತಗ್ಗಿಸುವ ತಂತ್ರಾಂಶ ಅದರ ಡೀಸೆಲ್ ಕಾರುಗಳಲ್ಲಿತ್ತು. ಬೀದಿಯಲ್ಲಿ ಮಿತಿ ಮೀರಿದ ಅನಿಲ, ಪರೀಕ್ಷಕನೆದುರು ಸಾಧುವೇಷ.

ತಿಳಿಯುವ ಹಕ್ಕು ಯಾರದು ಎಂದರೆ, ಫಲ ಉಣ್ಣುವವರದು ಎಂದೇ ನನಗನಿಸುತ್ತದೆ. ದುಡ್ಡು ಕೊಟ್ಟವಳದು ಹೌದು. ನಾಳೆ ಅದೇ ಕಾರನ್ನು ಅವಳಿಂದ ಕೊಳ್ಳುವವರದೂ ಹೌದು. ಬೀದಿಯಲ್ಲಿ ಆ ಹೊಗೆ ಕುಡಿಯುವ ಮಗುವಿನ ತಾಯಿಯದೂ ಹೌದು. "ನನಗೆ ಹೇಳಿ" ಎಂದು ಗ್ಯಾರೇಜಿನವನನ್ನು ಕೇಳುವ ನಾವು, ಕಾರು ಮಾರುವ ದಿನ ದೀಪ ಆರಿಸದೆ ಇದ್ದದ್ದನ್ನು ಇದ್ದಹಾಗೆ ಹೇಳಬಲ್ಲೆವೆ? ಹಕ್ಕು ಕೇಳುವ ಯೋಗ್ಯತೆ ನಮಗೆ ಬರುವುದು ಅಲ್ಲಿಂದ.